ಸ್ಲೋ ಹಿಡಿಯದ ಹಳೆ ಗಾಡಿ: ಮೊದಲು ಗಾಳಿ ಹುಡುಕಿ

ಓದುಗರ ಪ್ರಶ್ನೆ, ಹುಬ್ಬಳ್ಳಿ ಮಿಸ್ತ್ರಿಯ ಉತ್ತರ

ಪ್ರಶ್ನೆ: ಮಿಸ್ತ್ರಿಯವರಿಗೆ ನಮಸ್ಕಾರ. ನನ್ನದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ಕೊಂಡದ್ದು, ಮಾರಲು ಮನಸ್ಸಿಲ್ಲ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಚೆನ್ನಾಗಿಯೇ ನಿಲ್ಲುತ್ತದೆ. ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಕೂಡಲೇ ಸ್ಲೋ (ಎಕ್ಸಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವುದು) ಹಿಡಿಯುವುದಿಲ್ಲ, ಗಡಗಡ ಅಲುಗಿ ಬಂದ್ ಆಗುತ್ತದೆ. ಹೈವೇಯಲ್ಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆಸಿದ್ದಾಯಿತು, ಪ್ಲಗ್ ಬದಲಿಸಿದ್ದಾಯಿತು. ಈಗ ಹೊಸ ಕಾರ್ಬುರೇಟರ್ ಹಾಕಿಸಿ ಅನ್ನುತ್ತಿದ್ದಾರೆ. ಈಚೆಗೆ ಬ್ರೇಕ್ ಕೂಡ ಸ್ವಲ್ಪ ಗಟ್ಟಿ ಅನ್ನಿಸುತ್ತಿದೆ. ನನ್ನ ಗಾಡಿಗೆ ಬ್ರೇಕ್ ಹಗುರ ಮಾಡುವ ಬೂಸ್ಟರ್ ಇದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?
— ಓದುಗರು, ಬ್ಯಾಡಗಿ

ಉತ್ತರ: ಸಂಬಂಧ ಇರುವ ಸಾಧ್ಯತೆ ಬಹಳ ಇದೆ ಸರ್. ನೀವು ಕೊನೆಗೆ ಸೇರಿಸಿದ ಬ್ರೇಕಿನ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಹೊಸ ಕಾರ್ಬುರೇಟರ್ ಈಗಲೇ ತರಬೇಡಿ. ನೀವು ಬರೆದ ಲಕ್ಷಣ ಎಲ್ಲ ಏರ್ ಲೀಕ್ ಕಡೆಗೇ ಬೊಟ್ಟು ಮಾಡುತ್ತಿವೆ. ಕಾರ್ಬುರೇಟರ್ ದಾಟಿದ ಮೇಲೆ, ಎಂಜಿನ್ ಒಳಗೆ ಹೋಗುವ ಮೊದಲು, ಎಲ್ಲೋ ಒಂದು ಕಡೆ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ.

ಇದು ಹೇಗೆ ಆಗುತ್ತದೆ ಅಂತ ಮೊದಲು ಹೇಳುತ್ತೇನೆ. ಇದು ತಿಳಿದರೆ ಹುಡುಕುವುದು ಸುಲಭ. ಪಿಸ್ಟನ್ ಕೆಳಗಿಳಿಯುವಾಗ ಮ್ಯಾನಿಫೋಲ್ಡಿನಲ್ಲಿ, ಅಂದರೆ ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ, ವ್ಯಾಕ್ಯೂಮ್ ಆಗುತ್ತದೆ. ಆ ಎಳೆತಕ್ಕೇ ಕಾರ್ಬುರೇಟರಿನಿಂದ ಪೆಟ್ರೋಲ್ ಬರುವುದು. ಎಳನೀರು ಕುಡಿಯುವ ಸ್ಟ್ರಾ ಪಕ್ಕದಲ್ಲಿ ಸೀಳಿದ್ದರೆ ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಜಾಸ್ತಿ ಬರುತ್ತದೆ ಅಲ್ವಾ? ಇಲ್ಲಿಯೂ ಅಷ್ಟೇ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಮಿಕ್ಸ್ಚರ್ ತೆಳ್ಳಗಾಗಿ ಸರಿಯಾಗಿ ಹತ್ತಿಕೊಳ್ಳುವುದಿಲ್ಲ, ಎಂಜಿನ್ ಮಿಸ್ ಹೊಡೆಯುತ್ತದೆ.

ಸ್ಲೋದಲ್ಲಿ ಎಂಜಿನ್ ಎಳೆಯುವ ಒಟ್ಟು ಗಾಳಿಯೇ ಸ್ವಲ್ಪ, ವ್ಯಾಕ್ಯೂಮ್ ಮಾತ್ರ ಜೋರು. ಹಾಗಾಗಿ ಸಣ್ಣ ತೂತೂ ದೊಡ್ಡ ತೊಂದರೆ ಕೊಡುತ್ತದೆ. ಹೈವೇಗೆ ಹೋಗಿ ಎಕ್ಸಲರೇಟರ್ ಒತ್ತಿದರೆ ಥ್ರಾಟಲ್ ಅನ್ನುವ ಗಾಳಿಯ ಬಾಗಿಲು ತೆರೆದು ವ್ಯಾಕ್ಯೂಮ್ ಇಳಿಯುತ್ತದೆ, ನ್ಯಾಯವಾದ ದಾರಿಯಲ್ಲೇ ಬೇಕಾದಷ್ಟು ಗಾಳಿ ಬರುತ್ತದೆ. ಆಗ ಈ ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಬಂಕಾಪುರ, ಶಿಗ್ಗಾವಿ ದಾಟಿ ಹುಬ್ಬಳ್ಳಿವರೆಗೆ ಆರಾಮಾಗಿ ಬರುವ ಗಾಡಿ, ಊರೊಳಗಿನ ಮೊದಲ ಸಿಗ್ನಲ್ಲಿಗೆ ನಿಂತಾಗ ಬಂದ್ ಬೀಳುವುದು. ಬೆಳಿಗ್ಗೆ ಚೋಕ್ ಪೆಟ್ರೋಲ್ ಹೆಚ್ಚಿಗೆ ಕೊಟ್ಟು ಆ ಕೊರತೆ ತುಂಬುತ್ತದೆ. ಚೋಕ್ ತೆಗೆದರೆ ಕೊರತೆ ಎದ್ದು ಕಾಣುತ್ತದೆ.

ಮೊದಲ ಪರೀಕ್ಷೆಯೂ ಚೋಕಿನದೇ. ಎಂಜಿನ್ ಪೂರ್ತಿ ಬಿಸಿಯಾಗಿ ಅಲುಗುತ್ತಿರುವಾಗ ಚೋಕ್ ನಿಧಾನವಾಗಿ ಸ್ವಲ್ಪ ಎಳೆಯಿರಿ. ಅಲುಗಾಟ ಕಡಿಮೆಯಾಗಿ ಎಂಜಿನ್ ನೆಟ್ಟಗೆ ನಿಂತರೆ ಮಿಕ್ಸ್ಚರ್ ತೆಳ್ಳಗಿದೆ ಅಂತ ಅರ್ಥ. ಸ್ಲೋ ಜೆಟ್ (ಸ್ಲೋದಲ್ಲಿ ಪೆಟ್ರೋಲ್ ಕೊಡುವ ಸಣ್ಣ ತೂತು) ಕಟ್ಟಿದ್ದರೂ ಹೀಗೆ ಆಗಬಹುದು, ಆದರೆ ನೀವು ಎರಡು ಸಲ ತೊಳೆಸಿದ್ದೀರಿ. ಚೋಕ್ ಎಳೆದಾಗ ಇನ್ನೂ ಹಾಳಾಗಿ ಕರಿ ಹೊಗೆ ಬಂದರೆ ಅದು ಬೇರೆ ರೋಗ, ನಾನು ಹೇಳುವುದು ಅದಕ್ಕೆ ಹೊಂದುವುದಿಲ್ಲ. ಪಿಯುಸಿ ಚೀಟಿ ಇದ್ದರೆ ಅದನ್ನೂ ನೋಡಿ. ಮಿಸ್ ಹೊಡೆಯುವ ಎಂಜಿನ್ ಪೆಟ್ರೋಲ್ ಸುಡದೆ ಹೊರಗೆ ಬಿಡುತ್ತದೆ, ಹಾಗಾಗಿ ಎಚ್‌ಸಿ ಅಂಕಿ ಏರಿರುತ್ತದೆ.

ಇನ್ನು ಬ್ರೇಕ್. ಬೂಸ್ಟರ್ ಕೆಲಸ ಮಾಡುವುದು ಇದೇ ಮ್ಯಾನಿಫೋಲ್ಡ್ ವ್ಯಾಕ್ಯೂಮಿನಿಂದ. ಎಂಜಿನ್ ಬಂದ್ ಮಾಡಿ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುತ್ತಿಲ್ಲ, ಇಲ್ಲಾ ಬೂಸ್ಟರ್ ಅದನ್ನು ಹಿಡಿದಿಡುತ್ತಿಲ್ಲ. ಆಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಬಂದ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಒತ್ತಿ ನೋಡಿ. ಮೊದಲ ಒಂದೆರಡು ಒತ್ತು ಮೆತ್ತಗೆ ಇರಬೇಕು. ಮೊದಲನೆಯದೇ ಕಲ್ಲಾಗಿದ್ದರೆ ದಾರಿಯಲ್ಲಿರುವ ನಾನ್ ರಿಟರ್ನ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವಂಥದ್ದು) ಅಥವಾ ಪೈಪ್ ನೋಡಬೇಕು. ಸ್ಲೋದಲ್ಲಿ ಬ್ರೇಕ್ ಒತ್ತಿ ಹಿಡಿದಾಗ ಕಾಲ ಹತ್ತಿರ ಸುಯ್ ಅಂತ ಸದ್ದು ಬಂದು ಎಂಜಿನ್ ಓಟವೂ ಬದಲಾದರೆ ಒಳಗಿನ ಡಯಾಫ್ರಮ್, ಅಂದರೆ ರಬ್ಬರ್ ಪರದೆ, ಹರಿದಿದೆ.

ಖಾತ್ರಿ ಆಗಬೇಕಾದರೆ ಗಾಡಿ ನಿಂತಲ್ಲೇ ಮ್ಯಾನಿಫೋಲ್ಡ್ ಕಡೆಯ ಬೂಸ್ಟರ್ ಪೈಪ್ ತೆಗೆದು, ಆ ಮೂತಿಗೆ ಗಟ್ಟಿ ರಬ್ಬರ್ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ. ಎಂಜಿನ್ ನೆಟ್ಟಗೆ ನಿಂತರೆ ಕಳ್ಳ ಬೂಸ್ಟರ್ ಕಡೆಯೇ ಇದ್ದಾನೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಈ ಸ್ಥಿತಿಯಲ್ಲಿ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ. ಬೂಸ್ಟರ್ ಇಲ್ಲದ ಬ್ರೇಕಿಗೆ ಎಷ್ಟು ಒತ್ತಬೇಕು ಅನ್ನುವುದು ಎದುರಿಗೆ ಲಾರಿ ಬಂದಾಗ ಗೊತ್ತಾಗಬಾರದು.

ಬೂಸ್ಟರ್ ಸರಿ ಇದೆ ಅಂತಾದರೆ ಉಳಿದ ಸಣ್ಣ ಪೈಪುಗಳಿಗೆ ಬನ್ನಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸಿಗೆ (ಕಿಡಿಯ ಸಮಯ ಮುಂದಕ್ಕೆ ಮಾಡುವ ಭಾಗಕ್ಕೆ) ಒಂದು ಹೋಗುತ್ತದೆ, ಎಂಜಿನ್ ಹೊಗೆ ವಾಪಸ್ ಎಳೆಯುವ ಪಿಸಿವಿ ಪೈಪ್ ಒಂದು, ಏರ್ ಕ್ಲೀನರಿಗೆ ಒಂದು. ಕಾರ್ಬುರೇಟರ್ ಬಿಚ್ಚಿ ಕೂಡಿಸುವಾಗ ಇವು ಅದಲುಬದಲಾಗುವುದು, ಒಂದು ಹಾಕದೆ ಉಳಿಯುವುದು ಬಹಳ ಸಾಮಾನ್ಯ. ಇವುಗಳನ್ನು ಕಣ್ಣಿನಿಂದ ನೋಡಿದರೆ ಸಾಲದು. ನಮ್ಮ ಕಡೆಯ ಬಿಸಿಲು, ಬಾನೆಟ್ ಒಳಗಿನ ಕಾವು ಎರಡೂ ಸೇರಿ ರಬ್ಬರ್ ಒಣಗಿ ಕಡ್ಡಿಯಾಗುತ್ತದೆ. ಮೇಲಿನಿಂದ ನೋಡಿದರೆ ಕರ್ರಗೆ ಚೆನ್ನಾಗಿಯೇ ಕಾಣುತ್ತದೆ. ಪೈಪ್ ಮೂತಿಗೆ ಕೂರುವ ಜಾಗದಲ್ಲಿ, ಅದೂ ಕೆಳಮಗ್ಗುಲಲ್ಲಿ, ಉಗುರುದ್ದದ ಸೀಳು ಇರುತ್ತದೆ. ಪೈಪ್ ತೆಗೆದು ತುದಿಯನ್ನು ಹೆಬ್ಬೆರಳಿನಿಂದ ಮಡಚಿದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಇನ್ನೊಂದು ಜಾಗ, ಉಪಯೋಗ ಇಲ್ಲದ ಮೂತಿಗೆ ಹಾಕಿದ ರಬ್ಬರ್ ಟೊಪ್ಪಿ. ಏಸಿ ತೆಗೆದಾಗ, ಗ್ಯಾಸ್ ಕಿಟ್ ಬಿಚ್ಚಿದಾಗ ಯಾರೋ ಹಾಕಿರುತ್ತಾರೆ, ಆಮೇಲೆ ಎಲ್ಲರೂ ಮರೆತಿರುತ್ತಾರೆ. ಅದನ್ನು ತಿರುಗಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಇಡೀ ಗೋಳಿಗೆ ಕಾರಣ ಆ ಟೊಪ್ಪಿಯೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮಿನ ಹತ್ತಿರ ಗಾಡಿ ನಿಲ್ಲಿಸುವವರಾದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಚೀಲದ ಹತ್ತಿರ ಇಲಿ ಇದ್ದೇ ಇರುತ್ತದೆ, ರಬ್ಬರ್ ಅವಕ್ಕೆ ಸಸಾರ.

ಒಂದೊಂದೇ ಪೈಪ್ ತೆಗೆದು ಮೂತಿ ಮುಚ್ಚಿ, ಎಂಜಿನ್ ಸದ್ದು ಬದಲಾಯಿತಾ ಕೇಳಿ. ಇಕ್ಕಳದಿಂದ ಪೈಪ್ ಹಿಸುಕಿಯೂ ನೋಡುತ್ತಾರೆ. ಹೊಸ ಪೈಪಿಗೆ ಅದು ಸರಿ, ಒಣಗಿದ ಪೈಪ್ ಹಿಸುಕಿದರೆ ಅಲ್ಲೇ ಸೀಳುತ್ತದೆ. ಡಿಸ್ಟ್ರಿಬ್ಯೂಟರ್ ಡಯಾಫ್ರಮ್ ನೋಡಲು ಅದರ ಪೈಪಿನ ಇನ್ನೊಂದು ತುದಿ ಒರೆಸಿ ಬಾಯಿಂದ ಎಳೆದು ನಾಲಿಗೆ ಅಡ್ಡ ಇಡಿ. ನಾಲಿಗೆಗೆ ಅಂಟಿಕೊಂಡು ನಿಂತರೆ ಸರಿ ಇದೆ. ಸರಕ್ಕನೆ ಬಿಟ್ಟರೆ ಹರಿದಿದೆ.

ಕಿವಿಯಿಂದಲೂ ಹುಡುಕಬಹುದು. ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಜಾಯಿಂಟ್ ಗುಂಟ ನಿಧಾನವಾಗಿ ಆಡಿಸಿ. ಲೀಕ್ ಇದ್ದಲ್ಲಿ ಸುಯ್ ಅನ್ನುವುದು ಒಮ್ಮೆಲೇ ಜೋರಾಗುತ್ತದೆ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬಗ್ಗಿ. 800ರ ರೇಡಿಯೇಟರ್ ಫ್ಯಾನ್ ಕರೆಂಟಿನದು, ಬಿಸಿಯಾದಾಗ ಹೇಳದೆ ಕೇಳದೆ ತಿರುಗುತ್ತದೆ.

ಸದ್ದು ಸಿಗದಿದ್ದರೆ ನೀರು. ಇಸ್ತ್ರಿ ಮಾಡುವಾಗ ಹೊಡೆಯುವ ಸ್ಪ್ರೇ ಬಾಟಲಿ ಸಾಕು. ಎಂಜಿನ್ ಸ್ಲೋದಲ್ಲಿಟ್ಟು ಕಾರ್ಬುರೇಟರ್ ಬುಡ, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಜಾಗ, ಪೈಪಿನ ಮೂತಿ ಹೀಗೆ ಒಂದೊಂದು ಜಾಗಕ್ಕೇ ಸ್ವಲ್ಪ ಹೊಡೆದು ಕಾಯಿರಿ. ಲೀಕ್ ಇರುವಲ್ಲಿ ನೀರು ಕ್ಷಣ ಮಾತ್ರ ತೂತು ಮುಚ್ಚುತ್ತದೆ, ಎಂಜಿನ್ ಓಟದಲ್ಲಿ ಫರಕು ತಿಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರಿಗೆ ನೀರು ತಾಗಿಸಬೇಡಿ. ಅದರಿಂದಲೂ ಮಿಸ್ ಆಗಿ ನೀವು ದಾರಿ ತಪ್ಪುತ್ತೀರಿ.

ಕೆಲವರು ನೀರಿನ ಬದಲು ಪೆಟ್ರೋಲನ್ನೇ ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಹೊಡೆಯುತ್ತಾರೆ. ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಮ್ಯಾನಿಫೋಲ್ಡ್ ಇರುತ್ತದೆ, ಹಳೆ ಪ್ಲಗ್ ವೈರಿನಿಂದ ಕಿಡಿ ಹಾರುತ್ತಿರುತ್ತದೆ. ಗಾಡಿ ಹೋದರೆ ಹೋಗಲಿ, ಮುಖ ಸುಟ್ಟುಕೊಂಡರೆ ಯಾರು ಕೊಡುತ್ತಾರೆ? ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಕೂಡ ಬೆಂಕಿ ಹಿಡಿಯುವಂಥದ್ದೇ. ಗ್ಯಾರೇಜಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು ತಿಳಿದವರು ಮಾಡಲಿ, ಮನೆ ಅಂಗಳದಲ್ಲಿ ನೀವು ಮಾಡಬೇಡಿ. ನೀರು ಸಾಕು.

ನಿಮ್ಮ ಗಾಡಿಯಲ್ಲಿ ಕಾರ್ಬುರೇಟರ್ ಎರಡು ಸಲ ಬಿಚ್ಚಿದ್ದರಿಂದ ಅದರ ಬುಡದ ಮೇಲೆ ನನಗೆ ಅನುಮಾನ ಜಾಸ್ತಿ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ದಪ್ಪನೆಯ ಇನ್ಸುಲೇಟರ್ ಇರುತ್ತದೆ, ಮೇಲೆ ಕೆಳಗೆ ಪ್ಯಾಕಿಂಗ್. ಹಳೆ ಪ್ಯಾಕಿಂಗನ್ನೇ ಮತ್ತೆ ಹಾಕಿ ಮೇಲೆ ಗಂಟುಗಂಟಾಗಿ ಪೇಸ್ಟ್ ಬಳಿದಿರುತ್ತಾರೆ. ಲೀಕ್ ಆಯಿತು ಅಂತ ನಟ್ ಇನ್ನಷ್ಟು ಬಿಗಿಯುತ್ತಾರೆ. ಬಿಗಿದಷ್ಟೂ ಕಾರ್ಬುರೇಟರಿನ ಕಿವಿ ಬಾಗುತ್ತದೆ, ನಡುವೆ ಸಂದು ಏಳುತ್ತದೆ. ಬಿಚ್ಚಿದಾಗ ಬುಡದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಹಿಂದಿನಿಂದ ಬೆಳಕು ನೋಡಿ. ಸ್ಕೇಲಿನ ಕೆಳಗೆ ಬೆಳಕು ಕಂಡರೆ ಬಾಗಿದೆ. ಸ್ವಲ್ಪ ಬಾಗಿದ್ದರೆ ಗಾಜಿನ ಮೇಲೆ ನುಣುಪು ಎಮರಿ ಪೇಪರ್ ಹಾಸಿ ಉಜ್ಜಿ ಮಟ್ಟ ಮಾಡಬಹುದು. ಹೊಸ ಪ್ಯಾಕಿಂಗ್ ಹಾಕಿ, ಎಂಜಿನ್ ತಣ್ಣಗಿರುವಾಗ ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮ್ಯಾನಿಫೋಲ್ಡ್ ನಟ್ಟುಗಳನ್ನಾದರೆ ನಡುವಿನಿಂದ ಶುರು ಮಾಡಿ ಹೊರಗಡೆಗೆ ಹೋಗಿ.

ಇಷ್ಟಾದರೂ ಸಿಗದಿದ್ದರೆ ಥ್ರಾಟಲ್ ಶಾಫ್ಟ್. ಎಂಜಿನ್ ಬಂದ್ ಇದ್ದಾಗ ಶಾಫ್ಟಿನ ತುದಿ ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಲೊಟಲೊಟ ಅಂದರೆ ಅಲ್ಲಿಂದಲೂ ಗಾಳಿ ಹೋಗುತ್ತದೆ. ಇಲ್ಲಿಯೂ ಕಾರ್ಬುರೇಟರ್ ಎಸೆಯಬೇಕಾಗಿಲ್ಲ. ಹುಬ್ಬಳ್ಳಿಗೆ ಬಂದರೆ ಗೋಕುಲ ರೋಡ್ ಕಡೆಯ ಲೇತ್ ಅಂಗಡಿಗಳಲ್ಲಿ ಕೇಳಿ ನೋಡಿ, ಕೈ ಕುದುರಿದವರು ಬುಷ್ ಕೂಡಿಸಿ ಕೊಡುತ್ತಾರೆ.

ಒಳ್ಳೆ ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಗೇಜ್ ಇರುತ್ತದೆ. ಸಮುದ್ರಮಟ್ಟದಲ್ಲಿ ಆರೋಗ್ಯವಾದ ಎಂಜಿನ್ ಸ್ಲೋದಲ್ಲಿ ಪಾದರಸದ 17ರಿಂದ 22 ಇಂಚು ತೋರಿಸಬೇಕು ಅಂತ ಲೆಕ್ಕ. ಪ್ರತಿ ಮುನ್ನೂರು ಮೀಟರ್ ಮೇಲೆ ಹೋದಂತೆ ಸುಮಾರು ಒಂದು ಇಂಚು ಕಡಿಮೆ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರದಲ್ಲಿದೆ, ಹಾವೇರಿ ಅದಕ್ಕಿಂತ ಸ್ವಲ್ಪ ತಗ್ಗು. ಹಾಗಾಗಿ ನಮ್ಮ ಕಡೆ 15ರಿಂದ 20 ಬಂದರೆ ಗಾಬರಿ ಬೇಡ. ಮುಳ್ಳು ಅದಕ್ಕಿಂತ ಕೆಳಗೆ ಅಲುಗದೆ ನಿಂತರೆ ಲೀಕ್ ಇರಬಹುದು, ಕಿಡಿಯ ಟೈಮಿಂಗ್ ಹಿಂದೆ ಬಿದ್ದಿದ್ದರೂ ಹಾಗೇ ತೋರಿಸುತ್ತದೆ. ಒಂದೇ ತಾಳದಲ್ಲಿ ಪಟಕ್ ಪಟಕ್ ಅಂತ ಬೀಳುತ್ತಿದ್ದರೆ ವಾಲ್ವ್ ಕಡೆ ನೋಡಬೇಕು.

ಲೀಕ್ ಮುಚ್ಚಿದ ಮೇಲೆ ಎಂಜಿನ್ ಒಮ್ಮೆಲೇ ಬೇರೆ ಥರ ಓಡಿದರೆ ಹೆದರಬೇಡಿ. ಗಾಳಿ ನುಗ್ಗುತ್ತಿದ್ದಾಗ ಅದನ್ನು ಸರಿದೂಗಿಸಲು ಸ್ಲೋ ಸ್ಕ್ರೂ, ಮಿಕ್ಸ್ಚರ್ ಸ್ಕ್ರೂ ಎರಡನ್ನೂ ಯಾರೋ ತಿರುಗಿಸಿರುತ್ತಾರೆ. ಈಗ ಹೊಸದಾಗಿ ಕೂಡಿಸಬೇಕು. ಎಂಜಿನ್ ಬಿಸಿಯಾಗಿ, ಲೈಟು ಆಫ್ ಇದ್ದು, ಫ್ಯಾನ್ ತಿರುಗದಿರುವಾಗ ಸುಮಾರು 900 ಆರ್‌ಪಿಎಂಗೆ ನಿಲ್ಲಿಸಿ.

ಪ್ರಶ್ನೆ: ನನ್ನ ಹಳೆ ಓಮ್ನಿಗೆ ಗ್ಯಾಸ್ ಕಿಟ್ ಇದೆ. ಗ್ಯಾಸಿನಲ್ಲೂ ಪೆಟ್ರೋಲಿನಲ್ಲೂ ಸ್ಲೋ ಏರಿಳಿಯುತ್ತದೆ. ಒಮ್ಮೊಮ್ಮೆ ಗ್ಯಾಸ್ ವಾಸನೆಯೂ ಬರುತ್ತದೆ. ಪೈಪ್ ತೆಗೆದು ನಾನೇ ನೋಡಬಹುದಾ?
— ಓದುಗರು, ಧಾರವಾಡ

ಉತ್ತರ: ಬೇಡ. ವಾಸನೆ ಬರುತ್ತಿದೆ ಅಂದ ಮೇಲೆ ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಗಾಡಿ ಬಯಲಲ್ಲಿ ನಿಲ್ಲಿಸಿ, ಕಿಟ್ ಕೂಡಿಸುವ ಪರವಾನಗಿ ಇದ್ದವರನ್ನು ಕರೆಸಿ. ಎಲ್‌ಪಿಜಿ ಗ್ಯಾಸ್ ಕೆಳಕ್ಕೆ ಇಳಿದು ಕೂರುವ ಗುಣದ್ದು, ಓಮ್ನಿಯಲ್ಲಿ ಎಂಜಿನ್ ಇರುವುದು ನಿಮ್ಮ ಸೀಟಿನ ಕೆಳಗೇ. ಬಂದವರಿಗೆ ಎರಡು ಜಾಗ ನೋಡಲು ಹೇಳಿ. ಕಿಟ್ ಕೂಡಿಸುವಾಗ ವ್ಯಾಕ್ಯೂಮ್ ಪೈಪ್ ಕತ್ತರಿಸಿ ಟಿ ಜಾಯಿಂಟ್ ಹಾಕಿದ್ದರೆ ಅದು ಸಡಿಲಾಗಿರಬಹುದು. ಗ್ಯಾಸ್, ಪೆಟ್ರೋಲ್ ಎರಡರಲ್ಲೂ ಸ್ಲೋ ಏರಿಳಿಯುವುದಕ್ಕೆ ಅದು ಒಂದು ಕಾರಣ. ನಿಮ್ಮದು ವ್ಯಾಕ್ಯೂಮಿನಿಂದ ತೆರೆಯುವ ಹಳೆ ರೆಡ್ಯೂಸರ್ (ಗ್ಯಾಸಿನ ಒತ್ತಡ ಇಳಿಸುವ ಭಾಗ) ಆಗಿದ್ದರೆ ಒಳಗಿನ ಡಯಾಫ್ರಮ್ ಹರಿದು, ಅದೇ ಪೈಪಿನಿಂದ ಗ್ಯಾಸ್ ಮ್ಯಾನಿಫೋಲ್ಡಿಗೆ ಸೇರುತ್ತಿರಬಹುದು. ಅವರು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.

ಪ್ರಶ್ನೆ: ಮಾಮಾ ಅವರು ಕೊಟ್ಟ ಆರ್‌ಎಕ್ಸ್ 100 ಓಡಿಸುತ್ತೇನೆ. ರೇಸ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ತಡವಾಗಿ ಇಳಿಯುತ್ತದೆ. ಗೆಳೆಯರು 'ಪಿಕಪ್ ಮಸ್ತ್ ಆಗೇದ ಬಿಡಲೇ' ಅನ್ನುತ್ತಾರೆ. ಕೇಬಲ್ ಹೊಸದು ಹಾಕಿಸಿದೆ.
— ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ತಮ್ಮಾ, ಗೆಳೆಯರ ಮಾತು ಬಿಡು, ಇವತ್ತಿನಿಂದಲೇ ಗಾಡಿ ನಿಲ್ಲಿಸು. ಕೇಬಲ್ ಸರಿ ಇದ್ದೂ ರೇಸ್ ಇಳಿಯದಿದ್ದರೆ ಟೂ ಸ್ಟ್ರೋಕ್ ಎಂಜಿನ್ ಗಾಳಿ ಎಳೆಯುತ್ತಿದೆ ಅಂತ ತಿಳಿ. ಕಾರಿನಲ್ಲಿ ಏರ್ ಲೀಕ್ ಆದರೆ ಬಂದ್ ಬೀಳುತ್ತದೆ, ಬಹಳವೆಂದರೆ ಕಿರಿಕಿರಿ. ಟೂ ಸ್ಟ್ರೋಕಿನಲ್ಲಿ ಹಾಗಲ್ಲ. ಮಿಕ್ಸ್ಚರ್ ತೆಳ್ಳಗಾದರೆ ಪಿಸ್ಟನ್ ಅತಿಯಾಗಿ ಕಾಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುತ್ತಿದ್ದರೆ ಪೆಟ್ರೋಲ್ ಜೊತೆ ಆಯಿಲೂ ಕಡಿಮೆಯಾಗುತ್ತದೆ. ಲಕ್ಷ್ಮೇಶ್ವರ ರೋಡಿನಲ್ಲಿ ಜೋರಾಗಿ ಹೊಡೆಯುವಾಗ ಪಿಸ್ಟನ್ ಸೀಜ್ ಆದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳುತ್ತೀ.

ಪ್ಲಗ್ ಬಿಚ್ಚಿ ನೋಡು. ತುದಿ ಚಾಕೊಲೇಟ್ ಬಣ್ಣ ಇರಬೇಕು. ಸುಣ್ಣ ಬಳಿದಷ್ಟು ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಮೊದಲು ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಜಾಯಿಂಟನ್ನು ಕೈಯಿಂದ ಬಗ್ಗಿಸಿ ಬಿರುಕು ನೋಡು, ರೀಡ್ ವಾಲ್ವಿನ ಪ್ಯಾಕಿಂಗ್ ನೋಡು. ಅವು ಸರಿ ಇದ್ದರೆ ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್. ಅಲ್ಲಿ ಸೀಲ್ ಹೋದರೆ ಹೊರಗಿನ ಗಾಳಿ ಎಳೆಯುತ್ತದೆ. ಇನ್ನೊಂದು ಕಡೆಯದು, ಅಂದರೆ ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ದಟ್ಟನೆ ಬಿಳಿ ಹೊಗೆ ಬಿಡುತ್ತದೆ, ಆಯಿಲ್ ಮಟ್ಟವೂ ಇಳಿಯುತ್ತದೆ. ಎರಡೂ ಸೀಲ್ ಒಟ್ಟಿಗೆ ಬದಲಿಸಿಬಿಡು. ಮಾಮಾನ ಗಾಡಿಯ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಗತಿ ಬಾರದೆ ಉಳಿಯಲಿ. 1996ರಲ್ಲೇ ತಯಾರಿ ನಿಂತ ಗಾಡಿ ಅದು, ಒಳ್ಳೆಯ ಒರಿಜಿನಲ್ ಸಿಲಿಂಡರ್ ಸಿಗುವುದು ಕಷ್ಟ.

ಪ್ರಶ್ನೆ: ನಮ್ಮದು 2004ರ 800 ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಇಲ್ಲದೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಗಾಡಿ. ಸ್ಲೋ ತಾನಾಗಿಯೇ ಏರಿ ನಿಲ್ಲುತ್ತದೆ, ಬಂದ್ ಬೀಳುವುದಿಲ್ಲ. ಇದೂ ಏರ್ ಲೀಕಾ?
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಇರಬಹುದು. ಇದರಲ್ಲಿ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್ ಇದೆ. ಕಳ್ಳಗಾಳಿ ಬಂದು ಒತ್ತಡ ಏರಿದರೆ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಕೊಡುತ್ತದೆ. ಹಾಗಾಗಿ ಬಂದ್ ಬೀಳುವ ಬದಲು ಓಟ ಏರುತ್ತದೆ. ಪೈಪ್, ಪ್ಯಾಕಿಂಗ್ ನೋಡುವ ಕ್ರಮ ಮೇಲೆ ಹೇಳಿದ್ದೇ. ಜೊತೆಗೆ ಥ್ರಾಟಲ್ ಬಾಡಿ, ಸ್ಲೋ ನೋಡಿಕೊಳ್ಳುವ ವಾಲ್ವ್ ಎರಡನ್ನೂ ಕ್ಲೀನ್ ಮಾಡಿಸಿ. ಥ್ರಾಟಲ್ ತಡೆಯುವ ಸ್ಕ್ರೂ ಮಾತ್ರ ಯಾರಿಗೂ ಮುಟ್ಟಲು ಬಿಡಬೇಡಿ.

ಪ್ರಶ್ನೆ: ಡೀಸೆಲ್ ಪಿಕಪ್ ಇದೆ. ಬ್ರೇಕ್ ಕಲ್ಲಾಗಿದೆ. ಮ್ಯಾನಿಫೋಲ್ಡ್ ಲೀಕ್ ಅನ್ನುತ್ತಾರೆ.
— ಓದುಗರು, ಮುಂಡರಗಿ

ಉತ್ತರ: ಅಂಥ ಡೀಸೆಲ್ ಎಂಜಿನ್‌ನಲ್ಲಿ ಗಾಳಿ ತಡೆಯುವ ಥ್ರಾಟಲ್ ಇರುವುದಿಲ್ಲ, ಹಾಗಾಗಿ ಬೂಸ್ಟರಿಗೆ ಸಾಲುವಷ್ಟು ವ್ಯಾಕ್ಯೂಮ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವುದಿಲ್ಲ. ಅದಕ್ಕೆಂದೇ ಬೇರೆ ಪಂಪ್ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಹಿಂಬದಿಗೇ ಕೂತಿರುತ್ತದೆ. ಪಂಪಿನಿಂದ ಬೂಸ್ಟರಿಗೆ ಹೋಗುವ ಪೈಪ್, ನಡುವಿನ ನಾನ್ ರಿಟರ್ನ್ ವಾಲ್ವ್, ಪಂಪಿಗೆ ಆಯಿಲ್ ತರುವ ಸಣ್ಣ ಪೈಪ್, ಈ ಮೂರು ಮೊದಲು ನೋಡಿಸಿ. ಆಯಿಲ್ ಬರದೆ ಪಂಪ್ ಸವೆದಿರುವುದು ಉಂಟು. ಸರಿಯಾಗುವವರೆಗೆ ಲೋಡ್ ಹಾಕಬೇಡಿ.